ಮನೆ ಸರ್ವರ್‌ಗೆ ಹೊರಗಿನಿಂದ ದಾರಿ: ಪೋರ್ಟ್ ಫಾರ್ವರ್ಡಿಂಗ್ ಸಾಕಾ, ಬೇರೆ ಏನಾದರೂ ಬೇಕಾ?

ಮೊದಲ ಸಲ ಪೋರ್ಟ್ ಫಾರ್ವರ್ಡ್ ಮಾಡಿದ, ಅಂದರೆ ರೌಟರ್‌ನ ಒಂದು ಪೋರ್ಟ್‌ಗೆ (ಸಂಖ್ಯೆ ಹಾಕಿದ ಬಾಗಿಲಿಗೆ) ಹೊರಗಿನಿಂದ ಬಂದದ್ದನ್ನು ಮನೆಯ ಸರ್ವರ್‌ಗೆ ಕಳಿಸುವಂತೆ ಹೊಂದಿಸಿದ ರಾತ್ರಿ ಚೆನ್ನಾಗಿ ನೆನಪಿದೆ. ರೌಟರ್ ಪುಟಕ್ಕೆ ಹೋಗಿ 22ನೇ ಪೋರ್ಟ್ ತೆರೆದೆ. ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ, ಡೇಟಾದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಆಜ್ಞೆ ಕೊಡುವ ದಾರಿ) ಹೊಡೆದೆ. ಸಿಕ್ಕಿತು! ಖುಷಿಯಲ್ಲಿ ಮಲಗಿದೆ. ಬೆಳಗ್ಗೆ ಎದ್ದು ಲಾಗ್ ನೋಡಿದರೆ ಪುಟಗಟ್ಟಲೆ ಸಾಲುಗಳು. ರೂಟ್ ಹೆಸರಲ್ಲಿ ತಪ್ಪು ಪಾಸ್‌ವರ್ಡ್, ಅಡ್ಮಿನ್ ಹೆಸರಲ್ಲಿ ತಪ್ಪು ಪಾಸ್‌ವರ್ಡ್, ಆಮೇಲೆ ಟೆಸ್ಟ್, ಒರಾಕಲ್, ಪೈ. ನಾನು ಯಾರಿಗೂ ನನ್ನ ವಿಳಾಸ ಕೊಟ್ಟಿರಲಿಲ್ಲ.

ಕೊಡಬೇಕಾಗಿಯೂ ಇಲ್ಲ. ಐಪಿವಿ4 (ಇಂಟರ್ನೆಟ್‌ನ ಹಳೆಯ ವಿಳಾಸ ಪದ್ಧತಿ) ವಿಳಾಸಗಳು ಒಟ್ಟು ಸುಮಾರು 430 ಕೋಟಿ. ನಮಗೆ ಅದು ದೊಡ್ಡ ಸಂಖ್ಯೆ, ಯಂತ್ರಕ್ಕೆ ಅಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಹೊರತಂದ ಝೀಮ್ಯಾಪ್ ಎಂಬ ತಂತ್ರಾಂಶ, ಒಂದು ಗಿಗಾಬಿಟ್ ಲೈನ್ ಕೊಟ್ಟರೆ, ಇಡೀ ಐಪಿವಿ4 ಜಗತ್ತಿನಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ 45 ನಿಮಿಷದೊಳಗೆ ತಡಕಿ ಮುಗಿಸುತ್ತಿತ್ತು. ಹಾಗಾಗಿ "ನನ್ನ ಮನೆ ಐಪಿ ಯಾರಿಗೆ ಗೊತ್ತಿರುತ್ತೆ" ಅನ್ನೋ ಧೈರ್ಯ ಸುಮ್ನೆ ಇಟ್ಟುಕೊಂಡಿರುವ ಧೈರ್ಯ ಅಷ್ಟೇ.

ಅಂದರೆ ಪೋರ್ಟ್ ಫಾರ್ವರ್ಡಿಂಗ್ ಕೆಟ್ಟದ್ದಾ? ಅಲ್ಲ. ಈಗಲೂ ನನ್ನ ರೌಟರ್‌ನಲ್ಲಿ ಒಂದು ನಿಯಮ ಇದೆ. ಆದರೆ ನಾವು ಸಾಮಾನ್ಯವಾಗಿ ಕೇಳೋದು "ಪೋರ್ಟ್ ತೆರೆಯೋದು ಹೇಗೆ" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು "ಈ ಬಾಗಿಲಿಂದ ಒಳಗೆ ಬರುವವರು ಯಾರು" ಅಂತ. ನೀವೊಬ್ಬರೇನಾ? ಮನೆಯವರು, ನಾಲ್ಕು ಜನ ಸ್ನೇಹಿತರಾ? ಇಲ್ಲಾ ಲಿಂಕ್ ಸಿಕ್ಕ ಯಾರು ಬೇಕಾದರೂನಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮೊದಲು ಈ ಒಂದು ಪರೀಕ್ಷೆ ಮಾಡಿ

ಇನ್ನರ್ಧ ಆಯ್ಕೆಯನ್ನು ನಿಮ್ಮ ಇಂಟರ್ನೆಟ್ ಕಂಪನಿ ಆಗಲೇ ಮಾಡಿಟ್ಟಿರಬಹುದು. ರೌಟರ್ ಪುಟದಲ್ಲಿ ವ್ಯಾನ್ ಐಪಿ (ರೌಟರ್‌ನ ಹೊರಮುಖದ ವಿಳಾಸ) ಅಂತ ಇರುತ್ತದಲ್ಲ, ಅದನ್ನು ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ಐಪಿ ತೋರಿಸುವ ಯಾವುದಾದರೂ ತಾಣ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸಾರ್ವಜನಿಕ ಐಪಿ ಇದೆ, ಎಲ್ಲ ದಾರಿಗಳೂ ಮುಕ್ತ. ಬೇರೆ ಬೇರೆ ಇದ್ದರೆ ನಡುವೆ ಇನ್ನೊಂದು ನ್ಯಾಟ್ (ಒಂದೇ ವಿಳಾಸದ ಹಿಂದೆ ಹಲವು ಸಾಧನಗಳನ್ನು ಕೂರಿಸುವ ವ್ಯವಸ್ಥೆ) ಕೂತಿದೆ.

ವ್ಯಾನ್ ಐಪಿ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ಅದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿಯೇ ಮಾಡುವ ನ್ಯಾಟ್. ಐಪಿವಿ4 ವಿಳಾಸಗಳ ಕೊರತೆ ಇರುವುದರಿಂದ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಈ ವಿಳಾಸಗಳನ್ನು 2012ರಲ್ಲಿ ಅದಕ್ಕೆಂದೇ ಮೀಸಲಿಟ್ಟಿದ್ದು. ಹೊರಗಿನಿಂದ ಬಂದ ಕೋರಿಕೆ ಕಂಪನಿಯ ಪೆಟ್ಟಿಗೆಯಲ್ಲೇ ನಿಂತುಬಿಡುತ್ತದೆ, ನಿಮ್ಮ ರೌಟರ್‌ವರೆಗೆ ಬರುವುದೇ ಇಲ್ಲ. ನಿಮ್ಮ ರೌಟರ್‌ನಲ್ಲಿ ಎಷ್ಟು ನಿಯಮ ಬರೆದರೂ ಅಷ್ಟೇ. ನಾನು ಎರಡು ಸಂಜೆ ಹಾಳು ಮಾಡಿಕೊಂಡಿದ್ದು ಇಲ್ಲೇ. ರೌಟರ್ ರೀಸೆಟ್ ಮಾಡಿದೆ, ಫರ್ಮ್‌ವೇರ್ ಬದಲಿಸಿದೆ, ಸರ್ವರ್‌ನ ಫೈರ್‌ವಾಲ್ ಪೂರ್ತಿ ಆಫ್ ಮಾಡಿದೆ. ವ್ಯಾನ್ ಐಪಿ ಕಡೆ ಮಾತ್ರ ಕಣ್ಣೇ ಹಾಯಿಸಲಿಲ್ಲ.

ವ್ಯಾನ್ ಐಪಿ 192.168 ಅಥವಾ 10ರಿಂದ ಶುರುವಾಗಿದ್ದರೆ ಬಹುಶಃ ಕಂಪನಿ ಕೊಟ್ಟ ಮೋಡೆಮ್ ಕೂಡ ರೌಟರ್ ಕೆಲಸ ಮಾಡುತ್ತಿದೆ, ಅದರ ಹಿಂದೆ ನಿಮ್ಮದು ಇನ್ನೊಂದು ಇದೆ. ಆ ಮೋಡೆಮನ್ನು ಬ್ರಿಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಬರೀ ಸಂಪರ್ಕ ದಾಟಿಸುವ ಸ್ಥಿತಿಗೆ) ಹಾಕಿದರೆ ಸರಿಹೋಗಬಹುದು. ಸಿಜಿನ್ಯಾಟ್ ಆದರೆ ಸಾರ್ವಜನಿಕ ಐಪಿ ಕೊಡಿ ಅಂತ ಕಂಪನಿಯನ್ನು ಕೇಳಬೇಕು. ಕೊಡದಿದ್ದರೆ ಮುಂದಿನ ಭಾಗ ದಾಟಿಸಿ ಓದಿ.

ಪೋರ್ಟ್ ಫಾರ್ವರ್ಡಿಂಗ್: ಸರಳ, ನೇರ, ಪೂರ್ತಿ ನಿಮ್ಮದೇ ಹೊಣೆ

ಇದರ ಒಳ್ಳೆಯ ಗುಣ ಮೊದಲು ಹೇಳಿಬಿಡುತ್ತೇನೆ. ನಡುವೆ ಯಾರೂ ಇಲ್ಲ. ಮೂರನೇ ಕಂಪನಿಯಲ್ಲಿ ಖಾತೆ ಬೇಡ, ಎದುರಿನವರ ಫೋನ್‌ನಲ್ಲಿ ಆ್ಯಪ್ ಬೇಡ, ಡೇಟಾ ಸುತ್ತಿ ಬಳಸಿ ಬರುವುದಿಲ್ಲ. ಸ್ನೇಹಿತರಿಗೆ ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತೀರಿ ಅಂದುಕೊಳ್ಳಿ. 25565ನೇ ಪೋರ್ಟ್ ತೆರೆದು, ವಿಳಾಸ ಕೊಟ್ಟರೆ ಮುಗಿಯಿತು. ಆಟದ ವೈಟ್‌ಲಿಸ್ಟ್ ಮಾತ್ರ ಆನ್ ಇರಲಿ.

ಮಾಡುವ ಕ್ರಮದಲ್ಲಿ ಜನ ಎಡವುವ ಜಾಗಗಳು ಇಷ್ಟು. ಸರ್ವರ್‌ಗೆ ಮನೆಯೊಳಗಿನ ಐಪಿ ಬದಲಾಗದಂತೆ ರೌಟರ್‌ನ ಡಿಎಚ್‌ಸಿಪಿಯಲ್ಲಿ (ಸಾಧನಗಳಿಗೆ ಐಪಿ ಹಂಚುವ ಭಾಗ) ಅದರ ಮ್ಯಾಕ್ ವಿಳಾಸಕ್ಕೆ (ಸಾಧನದ ಸ್ವಂತ ಗುರುತು ಸಂಖ್ಯೆ) ಕಾಯ್ದಿರಿಸಿ, ಆಮೇಲೆ ಫಾರ್ವರ್ಡ್ ನಿಯಮ ಬರೆಯಿರಿ. ಸೇವೆ ಬಳಸುವುದು ಟಿಸಿಪಿನಾ ಯುಡಿಪಿನಾ (ಡೇಟಾ ಸಾಗಿಸುವ ಎರಡು ಬಗೆ) ಅಂತ ನೋಡಿ, ತಪ್ಪಾದರೆ ಯಾವ ದೋಷವೂ ಕಾಣದೆ ಸುಮ್ಮನೆ ಕೆಲಸ ಮಾಡುವುದಿಲ್ಲ. ಸಾರ್ವಜನಿಕ ಐಪಿ ಆಗಾಗ ಬದಲಾಗುತ್ತಿದ್ದರೆ ಬದಲಾದ ಐಪಿಯನ್ನು ಹಿಂಬಾಲಿಸುವ ಒಂದು ಡೈನಾಮಿಕ್ ಡಿಎನ್‌ಎಸ್ ಹೆಸರು ಮಾಡಿಕೊಳ್ಳಿ, ಡಕ್‌ಡಿಎನ್‌ಎಸ್ ಥರದ್ದು. ಪರೀಕ್ಷೆಯನ್ನು ಯಾವಾಗಲೂ ಮೊಬೈಲ್ ಡೇಟಾದಿಂದ ಮಾಡಿ. ಮನೆಯ ವೈಫೈಯಲ್ಲೇ ಕೂತು ಹೊರಗಿನ ವಿಳಾಸ ಹೊಡೆದರೆ ಎಷ್ಟೋ ರೌಟರ್‌ಗಳು ಒಪ್ಪುವುದಿಲ್ಲ. ಹೊರಹೋದ ಪ್ಯಾಕೆಟನ್ನು ಮತ್ತೆ ಒಳಕ್ಕೆ ತಿರುಗಿಸುವ ಹೇರ್‌ಪಿನ್ ನ್ಯಾಟ್ ಅವುಗಳಲ್ಲಿ ಇರುವುದಿಲ್ಲ. ಎಲ್ಲ ಸರಿ ಇದ್ದೂ ಕೆಟ್ಟಿದೆ ಅನ್ನಿಸುತ್ತದೆ.

ಈಗ ಹೊಣೆಯ ಮಾತು. ಪೋರ್ಟ್ ತೆರೆದರೆ ಆ ಸೇವೆಯ ಲಾಗಿನ್ ಪುಟ ಇಡೀ ಜಗತ್ತಿನ ಮುಂದೆ ನಿಂತಿರುತ್ತದೆ. ನಿಮ್ಮ ಪಾಸ್‌ವರ್ಡ್ ಗಟ್ಟಿ ಇರಬಹುದು. ಆದರೆ ಆ ತಂತ್ರಾಂಶದಲ್ಲೇ ತೂತಿದ್ದರೆ ಪಾಸ್‌ವರ್ಡ್ ಕೇಳುವ ಮೊದಲೇ ಒಳಗೆ ಬರುತ್ತಾರೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಮ್‌ವೇರ್ ಹೊಡೆದಿದ್ದು ಹೀಗೇ ಇಂಟರ್ನೆಟ್‌ಗೆ ನೇರವಾಗಿ ತೆರೆದುಕೊಂಡಿದ್ದ ಮನೆ ಮತ್ತು ಸಣ್ಣ ಕಚೇರಿಗಳ ನ್ಯಾಸ್ (ಜಾಲದಲ್ಲಿ ಫೈಲ್ ಇಡುವ) ಪೆಟ್ಟಿಗೆಗಳಿಗೆ. ಲಾಗಿನ್ ಪುಟ ತೆರೆದರೆ ಅಲ್ಲೇ ಬಿಟ್‌ಕಾಯಿನ್ ಕೇಳುವ ಚೀಟಿ. 2017ರ ಮೇ ತಿಂಗಳ ವಾನ್ನಾಕ್ರೈ ಎಂಬ ಅಂಥದ್ದೇ ದಾಳಿ ಹರಡಿದ್ದು ವಿಂಡೋಸ್ ಫೈಲ್ ಹಂಚಿಕೆಯ ದೋಷದಿಂದ. ಆದ್ದರಿಂದ ಆ ಫೈಲ್ ಹಂಚಿಕೆಯ 445 ಮತ್ತು ರಿಮೋಟ್ ಡೆಸ್ಕ್‌ಟಾಪ್‌ನ 3389, ಈ ಎರಡನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಕ್ಯಾಮೆರಾ, ನ್ಯಾಸ್‌ನ ಆಡಳಿತ ಪುಟ, ರೌಟರ್‌ನದೇ ಲಾಗಿನ್ ಕೂಡ ಇದೇ ಪಟ್ಟಿಗೆ.

"22ರ ಬದಲು 50022 ಹಾಕಿದೆ, ಈಗ ಸೇಫ್" ಅನ್ನುವವರು ಸಿಗುತ್ತಾರೆ. ಲಾಗ್‌ನಲ್ಲಿ ಗದ್ದಲ ಕಡಿಮೆ ಆಗುತ್ತದೆ, ಅದು ನಿಜ, ನಾನೂ ಮಾಡಿದ್ದೇನೆ. ಆದರೆ ಪೋರ್ಟ್‌ಗಳು ಇರುವುದೇ 65,535. ಹುಡುಕಲೇಬೇಕು ಅಂತ ಕೂತವರಿಗೆ ಅದೇನೂ ದೊಡ್ಡ ಕಾಡಲ್ಲ. ಎಸ್‌ಎಸ್‌ಎಚ್ ತೆರೆಯಲೇಬೇಕಾದರೆ ಪಾಸ್‌ವರ್ಡ್ ಲಾಗಿನ್ ಪೂರ್ತಿ ಬಂದ್ ಮಾಡಿ, ಕೀಲಿ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಫೈಲ್) ಮಾತ್ರ ಇಟ್ಟುಕೊಳ್ಳಿ. ಆಗ ಲಾಗ್ ತುಂಬಿದರೂ ನಿದ್ದೆ ಬರುತ್ತದೆ.

ವೆಬ್ ಸೇವೆಗಳಾದರೆ ಒಂದೊಂದಕ್ಕೂ ಒಂದೊಂದು ಪೋರ್ಟ್ ತೆರೆಯಬೇಡಿ. ಸಿನಿಮಾ ನೋಡುವ ಜೆಲ್ಲಿಫಿನ್‌ಗೆ 8096, ಮನೆಯ ಉಪಕರಣ ನಡೆಸುವ ಹೋಮ್ ಅಸಿಸ್ಟೆಂಟ್‌ಗೆ 8123 ಅಂತ ಶುರು ಮಾಡಿದರೆ ಗೋಡೆ ತುಂಬ ಕಿಟಕಿ. 443 ಒಂದನ್ನೇ ತೆರೆದು, ಅದರ ಹಿಂದೆ ಕ್ಯಾಡಿ ಅಥವಾ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿ, ಕೇಳಿದ ತಾಣದ ಹೆಸರು ನೋಡಿ ಅದು ಒಳಗೆ ಹಂಚಲಿ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪುಕ್ಕಟೆ ಸಿಗುತ್ತದೆ. ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನೀವು ಪಡೆದ ಪ್ರತಿ ಸರ್ಟಿಫಿಕೇಟ್‌ನ ಹೆಸರೂ ಎಲ್ಲರೂ ಓದಬಹುದಾದ ದಾಖಲೆಗೆ ಸೇರುತ್ತದೆ. ಯಾರಿಗೂ ಗೊತ್ತಾಗಬಾರದು ಅಂತ ವಿಚಿತ್ರ ಸಬ್‌ಡೊಮೇನ್ ಇಟ್ಟರೆ, ಸರ್ಟಿಫಿಕೇಟ್ ಬಂದ ಕ್ಷಣವೇ ಅದು ಬಯಲು. ಎಲ್ಲ ಸಬ್‌ಡೊಮೇನ್‌ಗೂ ಒಂದೇ ಆಗುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಪಡೆದರೆ ಈ ತೊಂದರೆ ಇಲ್ಲ.

ಜೊತೆಗೆ ರೌಟರ್‌ನ ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಮನೆಯೊಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಸಿಕೊಳ್ಳಬಹುದು.

ವೈರ್‌ಗಾರ್ಡ್: ಒಂದೇ ಪೋರ್ಟ್, ಅದೂ ಮೌನವಾಗಿ

ವೈರ್‌ಗಾರ್ಡ್ ಒಂದು ವಿಪಿಎನ್, ಅಂದರೆ ಹೊರಗಿನ ಸಾಧನದಿಂದ ಮನೆಯ ಜಾಲಕ್ಕೆ ಹಾಕುವ ಗೂಢಲಿಪಿಯ ಸುರಂಗ. ನಾನು ಹೇಳಿದ ಆ ಒಂದು ನಿಯಮ ಇದಕ್ಕೇ. ಬರುವವರು ನೀವು ಮತ್ತು ಮನೆಯವರು ಮಾತ್ರ, ಸಾರ್ವಜನಿಕ ಐಪಿಯೂ ಇದೆ ಅಂದರೆ ನನ್ನ ಮತ ಕಣ್ಣು ಮುಚ್ಚಿಕೊಂಡು ಇದಕ್ಕೆ.

ಇಲ್ಲೂ ಪೋರ್ಟ್ ಫಾರ್ವರ್ಡ್ ಮಾಡಬೇಕು, ಸಾಮಾನ್ಯವಾಗಿ ಯುಡಿಪಿ 51820. ವ್ಯತ್ಯಾಸ ಎಲ್ಲಿದೆ ಅಂದರೆ, ಸರಿಯಾದ ಕೀಲಿ ಇಲ್ಲದೆ ಬಂದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. "ತಪ್ಪು ಪಾಸ್‌ವರ್ಡ್" ಅಂತಲೂ ಅನ್ನುವುದಿಲ್ಲ. ತಡಕುವವರಿಗೆ ಅಲ್ಲಿ ಬಾಗಿಲಿದೆಯೋ ಗೋಡೆಯಿದೆಯೋ ತಿಳಿಯುವುದಿಲ್ಲ. ಮೊದಲ ರಾತ್ರಿ ಕಂಡ ಆ ಲಾಗ್ ಸಾಲುಗಳು ಇದರಲ್ಲಿ ಒಂದೂ ಇಲ್ಲ. 2020ರಲ್ಲಿ ಲಿನಕ್ಸ್ 5.6 ಕರ್ನಲ್ ಜೊತೆಗೇ ಬಂದದ್ದರಿಂದ ಹಳೆಯ ಸಣ್ಣ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ.

ಒಳಗೆ ಬಂದಮೇಲೆ ಮನೆಯಲ್ಲಿ ಕೂತ ಹಾಗೆಯೇ. ಜೆಲ್ಲಿಫಿನ್, ಫೈಲ್ ಹಂಚಿಕೆ, ಪ್ರಿಂಟರ್ ಎಲ್ಲವೂ. ಯಾವ ಸೇವೆಗೂ ಬೇರೆ ಪೋರ್ಟ್ ಬೇಡ.

ಕಷ್ಟ ಎಲ್ಲಿ? ಕೀಲಿಗಳನ್ನು ಕೈಯಿಂದ ಹಂಚಬೇಕು. ಫೋನ್‌ಗೆ ಕ್ಯೂಆರ್ ತೋರಿಸಿದರೆ ಆಯಿತು, ಐದಾರು ಸಾಧನಗಳವರೆಗೆ ಏನೂ ತೊಂದರೆ ಇಲ್ಲ, ಇಪ್ಪತ್ತಾದರೆ ಬೇಜಾರು ಬರುತ್ತದೆ. ಇನ್ನೊಂದು, ನಿಮ್ಮ ಮನೆಯ ಜಾಲವೂ 192.168.1 ಆಗಿದ್ದು, ನೀವು ಹೋದ ಕಡೆಯ ವೈಫೈಯೂ 192.168.1 ಆಗಿದ್ದರೆ ಫೋನ್‌ಗೆ ಗೊಂದಲ. ಸುರಂಗ ಕೂಡಿಕೊಂಡಿದೆ ಅಂತ ತೋರಿಸುತ್ತದೆ, ಸರ್ವರ್ ಮಾತ್ರ ಸಿಗುವುದಿಲ್ಲ. ಇದನ್ನು ಹುಡುಕುವಷ್ಟರಲ್ಲಿ ತಲೆ ಕೆಡುತ್ತದೆ. ಇವತ್ತೇ ಮನೆಯ ಜಾಲವನ್ನು 10.73.20 ಥರದ ಯಾರೂ ಇಡದ ಸಂಖ್ಯೆಗೆ ಬದಲಿಸಿಕೊಳ್ಳಿ, ಮುಂದೆ ಸುಖ. ಕೆಲವು ಕಚೇರಿ ಮತ್ತು ಹೋಟೆಲ್ ವೈಫೈಗಳಲ್ಲಿ ಯುಡಿಪಿಯನ್ನೇ ತಡೆದಿರುತ್ತಾರೆ. ಅಲ್ಲಿ ಮೊಬೈಲ್ ಡೇಟಾಕ್ಕೆ ಹೋಗೋದು ಬಿಟ್ಟರೆ ಬೇರೆ ದಾರಿ ಇಲ್ಲ.

ಟೇಲ್‌ಸ್ಕೇಲ್: ಸಿಜಿನ್ಯಾಟ್‌ನವರ ಪಾಲಿಗೆ ಸುಲಭದ ದಾರಿ

ಒಳಗೆ ಇದೂ ವೈರ್‌ಗಾರ್ಡೇ. ಕೀಲಿ ಹಂಚುವ, ಸಾಧನಗಳನ್ನು ಪರಸ್ಪರ ಪರಿಚಯಿಸುವ ಕೆಲಸವನ್ನು ಕಂಪನಿಯ ಸರ್ವರ್ ಮಾಡುತ್ತದೆ. ಎರಡೂ ಕಡೆಯಿಂದ ಹೊರಕ್ಕೆ ಪ್ಯಾಕೆಟ್ ಕಳಿಸಿ ನ್ಯಾಟ್‌ನಲ್ಲಿ ತೂತು ಮಾಡಿಕೊಂಡು ನೇರ ಸಂಪರ್ಕ ಮಾಡಲು ನೋಡುತ್ತದೆ. ಆಗದಿದ್ದರೆ ತನ್ನ ರಿಲೇ (ನಡುವಿನ ಸರ್ವರ್) ಮೂಲಕ ದಾಟಿಸುತ್ತದೆ. ರಿಲೇಯಲ್ಲಿ ಹೋದರೂ ಗೂಢಲಿಪಿಯಲ್ಲೇ ಹೋಗುವುದರಿಂದ ನಡುವಿನವರು ಓದಲಾರರು, ಆದರೆ ವೇಗ ಇಳಿಯುತ್ತದೆ. ಸಿನಿಮಾ ನೋಡುವಾಗ ಗೊತ್ತಾಗುತ್ತದೆ, ಎಸ್‌ಎಸ್‌ಎಚ್‌ನಲ್ಲಿ ಗೊತ್ತಾಗುವುದಿಲ್ಲ.

ರೌಟರ್ ಮುಟ್ಟಬೇಕಾಗಿಯೇ ಇಲ್ಲ. ಹತ್ತು ನಿಮಿಷದ ಕೆಲಸ. ಒಂದು ಎಚ್ಚರಿಕೆ: ಸಾಧನದ ಕೀಲಿ 180 ದಿನಕ್ಕೆ ಮುಗಿಯುವಂತೆ ಮೊದಲೇ ಹೊಂದಿಸಿರುತ್ತಾರೆ. ಅದು ನೀವು ಮನೆಯಿಂದ ದೂರ ಇರುವಾಗಲೇ ಮುಗಿಯುತ್ತದೆ, ಹಾಗೇ ಆಗೋದು ಯಾವಾಗಲೂ. ಸರ್ವರ್‌ಗೆ ಮಾತ್ರ ಆಡಳಿತ ಪುಟದಲ್ಲಿ ಈ ಗಡುವನ್ನು ತೆಗೆದುಬಿಡಿ.

ಪ್ರತಿಯೊಬ್ಬರ ಫೋನ್‌ನಲ್ಲೂ ಆ್ಯಪ್ ಹಾಕಿ ಲಾಗಿನ್ ಮಾಡಿಸಬೇಕು. ಅಮ್ಮನ ಟೀವಿಯಲ್ಲಿ ಫೋಟೊ ತೋರಿಸಬೇಕಾದರೆ ಇದೇ ದೊಡ್ಡ ತಡೆ. ಇನ್ನು, ನಿಮ್ಮ ಜಾಲದಲ್ಲಿ ಯಾವ ಯಾವ ಸಾಧನ ಇದೆ ಅನ್ನುವ ಪಟ್ಟಿ ಬೇರೆಯವರ ಕೈಯಲ್ಲಿರುತ್ತದೆ. ಅದು ಇಷ್ಟವಿಲ್ಲದವರಿಗೆ, ಕಂಪನಿಯ ಸರ್ವರ್ ಬದಲು ನೀವೇ ನಡೆಸಬಹುದಾದ ಹೆಡ್‌ಸ್ಕೇಲ್ ಅಂತ ಮುಕ್ತ ತಂತ್ರಾಂಶ ಇದೆ. ಆದರೆ ಅದನ್ನು ನಡೆಸಲು ಹೊರಗಿನಿಂದ ಸಿಗುವ ಒಂದು ಸರ್ವರ್ ಬೇಕು, ಅಲ್ಲಿಗೆ ಸುತ್ತಿ ಬಂದು ಮೊದಲಿನ ಜಾಗದಲ್ಲೇ ನಿಂತಿರುತ್ತೀರಿ!

ಕ್ಲೌಡ್‌ಫ್ಲೇರ್ ಟನಲ್: ಹೊರಗಿನವರಿಗೆ ಬ್ರೌಸರ್‌ನಲ್ಲಿ ತೋರಿಸಲು

ಸರ್ವರ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡುತ್ತದೆ, ಅದು ತಾನೇ ಹೊರಕ್ಕೆ ಸಂಪರ್ಕ ಮಾಡಿ ಹಿಡಿದುಕೊಂಡಿರುತ್ತದೆ. ನೋಡುವವರು ನಿಮ್ಮ ಡೊಮೇನ್ ತೆರೆದರೆ ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರ್‌ಗಳ ಮೂಲಕ ನಿಮ್ಮ ಮನೆಗೆ ತಲುಪುತ್ತಾರೆ. ಸಿಜಿನ್ಯಾಟ್ ಇದ್ದರೂ ಸರಿ, ಪೋರ್ಟ್ ಒಂದೂ ತೆರೆಯಬೇಕಿಲ್ಲ, ಮನೆಯ ಐಪಿ ಕಾಣುವುದಿಲ್ಲ, ಎದುರಿನವರಿಗೆ ಆ್ಯಪ್ ಬೇಡ. ಲಾಗಿನ್ ಪುಟದ ಮುಂದೆ ಇನ್ನೊಂದು ಲಾಗಿನ್ ಕೂರಿಸುವ ಸೌಲಭ್ಯವೂ ಇದೆ, ಅದನ್ನು ಖಂಡಿತ ಬಳಸಿ.

ಇಷ್ಟೆಲ್ಲ ಇದ್ದೂ ನಾನು ಇದರಲ್ಲಿ ಫೋಟೊ ಇಡುವುದಿಲ್ಲ. ಕಾರಣ ಎರಡು. ಎಚ್‌ಟಿಟಿಪಿಎಸ್‌ನ ಬೀಗ ಬಿಚ್ಚಿಕೊಳ್ಳುವುದು ಅವರ ಸರ್ವರ್‌ನಲ್ಲಿ, ನಿಮ್ಮ ಮನೆಯಲ್ಲಲ್ಲ. ಅಂದರೆ ನಡುವೆ ಅವರು ಎಲ್ಲವನ್ನೂ ಬಿಚ್ಚಿದ ರೂಪದಲ್ಲಿ ನೋಡಬಲ್ಲರು. ನೋಡುತ್ತಾರೆ ಅಂತಲ್ಲ, ನೋಡಬಲ್ಲರು. ಎರಡನೆಯದು ಇನ್ನೂ ವ್ಯಾವಹಾರಿಕ. ಪುಕ್ಕಟೆ ಯೋಜನೆಯಲ್ಲಿ ಒಂದು ಕೋರಿಕೆಯಲ್ಲಿ 100 ಎಂಬಿಗಿಂತ ಜಾಸ್ತಿ ಅಪ್‌ಲೋಡ್ ಆಗುವುದಿಲ್ಲ. ಫೋಟೊ ಆ್ಯಪ್ ಹಾಕಿ ನೋಡಿದ್ದೆ. ಚಿತ್ರಗಳೆಲ್ಲ ಸಲೀಸಾಗಿ ಹೋದವು, ಎರಡು ನಿಮಿಷ ದಾಟಿದ ವಿಡಿಯೊಗಳು ಮಾತ್ರ 413 (ಕಳಿಸಿದ್ದು ತೀರಾ ದೊಡ್ಡದು) ಅಂತ ಬಿದ್ದುಹೋಗುತ್ತಿದ್ದವು. ತಪ್ಪು ಸರ್ವರ್‌ನಲ್ಲಿದೆ ಅಂತ ಹುಡುಕಿ ಹುಡುಕಿ ಸುಸ್ತಾಗಿತ್ತು. ಬ್ಲಾಗ್, ಸಣ್ಣ ಡ್ಯಾಶ್‌ಬೋರ್ಡ್, ವೆಬ್‌ಹುಕ್ ಇಂಥವಕ್ಕೆ ಮಾತ್ರ ಇದಕ್ಕಿಂತ ಸುಲಭ ನಾನು ಕಂಡಿಲ್ಲ. ಡೊಮೇನ್ ನಿಮ್ಮದೇ ಇರಬೇಕು, ಅದರ ಡಿಎನ್‌ಎಸ್ (ಹೆಸರನ್ನು ಐಪಿಗೆ ಜೋಡಿಸುವ ದಾಖಲೆ) ಅವರಲ್ಲಿರಬೇಕು.

ಬಾಡಿಗೆ ವಿಪಿಎಸ್: ಕೈ ತುಂಬ ಕೆಲಸ, ಕೈಯಲ್ಲೇ ಹಿಡಿತ

ಸಾರ್ವಜನಿಕ ಐಪಿ ಇರುವ ಚಿಕ್ಕ ವಿಪಿಎಸ್ (ಕಂಪನಿಯಿಂದ ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ತೆಗೆದುಕೊಂಡು, ಮನೆಯಿಂದ ಅದಕ್ಕೆ ವೈರ್‌ಗಾರ್ಡ್ ಸುರಂಗ ಹಾಕಿ, ಅದರ 443ಕ್ಕೆ ಬಂದದ್ದನ್ನು ಸುರಂಗದೊಳಗೆ ತಳ್ಳುವುದು. ಮನೆಯ ಕಡೆ 25 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸುವ ಕೀಪ್‌ಅಲೈವ್ ಹಾಕಿ, ಇಲ್ಲದಿದ್ದರೆ ನ್ಯಾಟ್ ಆ ಸಂಪರ್ಕವನ್ನು ಮರೆತುಬಿಡುತ್ತದೆ. ಬರೀ ಎಸ್‌ಎಸ್‌ಎಚ್ ಸಾಕಾದರೆ ರಿವರ್ಸ್ ಟನಲ್ ಒಂದೇ ಸಾಲಿನ ಆಜ್ಞೆ. ವಿಪಿಎಸ್ ಬರೀ ಪ್ಯಾಕೆಟ್ ದಾಟಿಸುವಂತೆ ಮಾಡಿ, ಸರ್ಟಿಫಿಕೇಟನ್ನು ಮನೆಯ ಸರ್ವರ್‌ನಲ್ಲೇ ಇಟ್ಟರೆ ನಡುವೆ ಯಾರೂ ಓದುವ ಹಾಗಿಲ್ಲ. ನಾಲ್ಕು ಜನರಿಗೆ ಸೇವೆ ಕೊಡಬೇಕು, ಸಿಜಿನ್ಯಾಟ್ ಇದೆ, ಕ್ಲೌಡ್‌ಫ್ಲೇರ್ ಬೇಡ ಅನ್ನುವವರಿಗೆ ಇದೇ ಸರಿ.

ಎರಡು ಗುಂಡಿಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಮನೆಯ ಸರ್ವರ್‌ಗೆ ಎಲ್ಲ ಕೋರಿಕೆಯೂ ವಿಪಿಎಸ್‌ನ ವಿಳಾಸದಿಂದಲೇ ಬಂದ ಹಾಗೆ ಕಾಣಬಹುದು. ಯಾರೋ ತಪ್ಪು ಪಾಸ್‌ವರ್ಡ್ ಹೊಡೆದರು, ಅಂಥ ವಿಳಾಸಗಳನ್ನು ತಡೆಯುವ ನನ್ನ ಫೇಲ್‌ಟುಬ್ಯಾನ್ ಶಿಸ್ತಾಗಿ ವಿಪಿಎಸ್ ಅನ್ನೇ ಬ್ಯಾನ್ ಮಾಡಿತು. ಎಲ್ಲರೂ ಹೊರಗೆ, ನಾನೂ ಸೇರಿ. ಮೂಲ ವಿಳಾಸವನ್ನೂ ಜೊತೆಗೆ ದಾಟಿಸುವ ಪ್ರಾಕ್ಸಿ ಪ್ರೋಟೊಕಾಲ್ ಆನ್ ಮಾಡಿದ ಮೇಲೆ ನಿಜವಾದ ವಿಳಾಸ ಕಾಣತೊಡಗಿತು. ಎರಡನೆಯದು ಡಾಕರ್, ಸೇವೆಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ. ಅದು ಪೋರ್ಟ್ ಪ್ರಕಟಿಸುವಾಗ ತನ್ನದೇ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮ ಬರೆಯುತ್ತದೆ. ಫೈರ್‌ವಾಲ್ ಹೊಂದಿಸುವ ಯುಎಫ್‌ಡಬ್ಲ್ಯುನಲ್ಲಿ ಮುಚ್ಚಿದ್ದೀನಿ ಅಂತ ನೀವು ಅಂದುಕೊಂಡಿರುತ್ತೀರಿ, ಪೋರ್ಟ್ ತೆರೆದೇ ಇರುತ್ತದೆ. ಮನೆಯಲ್ಲಾದರೆ ಮುಂದೆ ರೌಟರ್ ಇದೆ, ವಿಪಿಎಸ್ ಮುಂದೆ ಏನೂ ಇಲ್ಲ. ಕಂಟೇನರ್ ಪೋರ್ಟನ್ನು 127.0.0.1ಕ್ಕೆ (ಆ ಯಂತ್ರದೊಳಗಿಂದ ಮಾತ್ರ ಸಿಗುವ ವಿಳಾಸ) ಕಟ್ಟಿಹಾಕಿ.

ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಬಗ್ಗೆ ಎರಡೇ ಮಾತು. ಸಿಜಿನ್ಯಾಟ್ ಇರುವ ಲೈನ್‌ಗೂ ಎಷ್ಟೋ ಸಲ ಅದು ಸಿಕ್ಕಿರುತ್ತದೆ, ನೋಡಿ. ಸರ್ವರ್‌ಗೆ ತನ್ನದೇ ಸಾರ್ವಜನಿಕ ವಿಳಾಸ ಇರುವುದರಿಂದ ಫಾರ್ವರ್ಡಿಂಗ್ ಅನ್ನುವುದೇ ಇಲ್ಲ, ರೌಟರ್‌ನ ಫೈರ್‌ವಾಲ್‌ನಲ್ಲಿ ಬಿಡುವ ನಿಯಮ ಸಾಕು. ಆದರೆ ನೀವು ಹೋದ ಕಡೆಯೂ ಐಪಿವಿ6 ಇರಬೇಕು. ಅದರ ಮೇಲೆ ವೈರ್‌ಗಾರ್ಡ್ ಓಡಿಸಿ, ಇಲ್ಲದ ಕಡೆಗೆ ಟೇಲ್‌ಸ್ಕೇಲ್ ಇಟ್ಟುಕೊಂಡವರನ್ನು ಕಂಡಿದ್ದೇನೆ, ಚೆನ್ನಾಗೇ ನಡೆಯುತ್ತದೆ.

ಯಾವ ದಾರಿ ಹಿಡಿದರೂ ಮನೆಯ ಲೈನ್‌ನ ಅಪ್‌ಲೋಡ್ ವೇಗಕ್ಕಿಂತ ಜಾಸ್ತಿ ಸಿಗುವುದಿಲ್ಲ, ಅದು ನೆನಪಿರಲಿ. ಹೊರಗೆ ಕೂತು ನೀವು ಇಳಿಸಿಕೊಳ್ಳುವುದು ಮನೆಯ ಕಡೆಯಿಂದ ಏರಿಸುವುದೇ ಅಲ್ವಾ.

ಇದನ್ನು ಬರೆಯುವ ಮೊದಲು ನನ್ನ ರೌಟರ್ ಪುಟವನ್ನು ಇನ್ನೊಮ್ಮೆ ತೆರೆದೆ, ಒಂದೇ ನಿಯಮ ಇದೆ ಅಂತ ಜಂಬದಿಂದ ಹೇಳಬೇಕಲ್ಲ. ಎರಡು ಇತ್ತು. ಯಾವಾಗಲೋ ಸ್ನೇಹಿತರ ಆಟಕ್ಕೆ ಅಂತ ತೆರೆದ 25565 ಹಾಗೇ ಉಳಿದಿತ್ತು. ಆ ಸರ್ವರ್ ತೆಗೆದು ಎರಡು ವರ್ಷವಾಗಿದೆ. ಅದಕ್ಕೆ ಕಾಯ್ದಿರಿಸಿದ್ದ ಐಪಿಯನ್ನೂ ಬಿಟ್ಟುಕೊಟ್ಟಿದ್ದೆ, ಅದು ಈಗ ಪ್ರಿಂಟರ್‌ಗೆ ಹೋಗಿತ್ತು. ಇಷ್ಟು ದಿನ ಜಗತ್ತಿನ ಬಾಟ್‌ಗಳೆಲ್ಲ ಬಂದು ನನ್ನ ಪ್ರಿಂಟರ್‌ನ ಬಾಗಿಲು ಬಡಿಯುತ್ತಿದ್ದವು. ಪುಣ್ಯಕ್ಕೆ ಆ ಪೋರ್ಟ್‌ನಲ್ಲಿ ಅದು ಯಾರ ಮಾತೂ ಕೇಳುವುದಿಲ್ಲ. ಅಳಿಸಿದೆ. ಈಗ ಒಂದೇ.